ಹುಡುಕಿ ಬಂದವರೆಷ್ಟು, ಕೊಂಡವರೆಷ್ಟು?

ಸಂತೆಯಲ್ಲಿ ಬಟ್ಟೆಯಂಗಡಿಯ ಮುಂದೆ ನಿಂತವರೆಲ್ಲರೂ ಗಿರಾಕಿಗಳಲ್ಲ. ಒಬ್ಬರು ಬಣ್ಣ ನೋಡಿ ಮುಂದೆ ಸಾಗುತ್ತಾರೆ. ಒಬ್ಬರು ಬೆಲೆ ಕೇಳಿ ಹಿಂದಿರುಗುತ್ತಾರೆ. ಮತ್ತೊಬ್ಬರು ಹಣ ಕೊಟ್ಟು ಕೊಂಡೊಯ್ಯುತ್ತಾರೆ. ಅನುಭವಸ್ಥನಾದ ವ್ಯಾಪಾರಿ ಇವರನ್ನು ಮಾತಿನ ಧಾಟಿಯಿಂದಲೇ ಗುರುತಿಸಬಲ್ಲನು. ಜಾಲತಾಣದ ಮೂಲಕ ಮಾರುವವನಿಗಾದರೋ ಗಿರಾಕಿಯ ಮುಖವೂ ಕಾಣದು, ದನಿಯೂ ಕೇಳದು. ಗಿರಾಕಿಯು ಹುಡುಕುವಾಗ ಬರೆದ ಪದವೇ ಆತನಿಗೆ ದೊರೆಯುವ ಮೊದಲ ಸುಳಿವು. ಯಾವ ಪದವನ್ನು ಹುಡುಕಿ ಬಂದವರು ಕೊನೆಗೆ ಹಣ ಕೊಟ್ಟು ಕೊಂಡರು ಎಂಬುದನ್ನು ಅಳೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ನೇಯ್ಗೆ, ಕರಕುಶಲ ಮತ್ತು ಸಣ್ಣ ವ್ಯಾಪಾರದ ಹಿನ್ನೆಲೆಯುಳ್ಳ ವಿದ್ಯಾರ್ಥಿಗಳಿಗೆ ಇದು ಭಾಷೆಯ ಪಾಠವೂ ಹೌದು, ಲೆಕ್ಕದ ಪಾಠವೂ ಹೌದು.

ಹಳೆಯ ತತ್ತ್ವ, ಹೊಸ ಸಾಧನ

ಈ ಅಳತೆಯ ಹಿಂದಿರುವ ವಿಚಾರ ಅಂತರಜಾಲಕ್ಕಿಂತ ಹಳೆಯದು. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಅಮೆರಿಕದ ವ್ಯಾಪಾರಿಗಳು ಒಂದೊಂದು ಪತ್ರಿಕೆಯ ಜಾಹೀರಾತಿನ ಕೂಪನ್ನಿನಲ್ಲಿ ಒಂದೊಂದು ಬೇರೆ ಗುರುತನ್ನು ಅಚ್ಚು ಹಾಕಿಸುತ್ತಿದ್ದರು. ಮರಳಿ ಬಂದ ಕೂಪನ್ನಿನ ಗುರುತನ್ನು ನೋಡಿ, ಯಾವ ಜಾಹೀರಾತು ಫಲ ನೀಡಿತೆಂದು ತಿಳಿಯುತ್ತಿದ್ದರು. ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರಹಗಾರನು 1923ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈ ಪದ್ಧತಿಯನ್ನು ಬಲವಾಗಿ ಸಮರ್ಥಿಸಿದ್ದಾನೆ.

1998ರಲ್ಲಿ ಗೋಟು ಡಾಟ್ ಕಾಮ್ ಎಂಬ ಅಮೆರಿಕದ ಹುಡುಕುತಾಣವು ಪದಗಳನ್ನೇ ಹರಾಜಿಗಿಟ್ಟು, ಜಾಹೀರಾತಿನ ಮೇಲೆ ಬೀಳುವ ಪ್ರತಿ ಕ್ಲಿಕ್ಕಿಗೂ ಹಣ ಪಡೆಯುವ ವ್ಯವಸ್ಥೆಯನ್ನು ತಂದಿತು. ಗೂಗಲ್ ಸಂಸ್ಥೆಯು 2000ದಲ್ಲಿ ಆಡ್‌ವರ್ಡ್ಸ್ ಸೇವೆಯನ್ನು ಆರಂಭಿಸಿ, 2002ರಲ್ಲಿ ಅದಕ್ಕೂ ಇದೇ ಮಾದರಿಯನ್ನು ಅಳವಡಿಸಿತು. ಇಂದು ಅದರ ಹೆಸರು ಗೂಗಲ್ ಆಡ್ಸ್. ಕ್ಲಿಕ್ ಮಾಡಿದವನು ಕೊಳ್ಳಲಿ ಬಿಡಲಿ, ಮಾರಾಟಗಾರನು ಹಣ ತೆರಲೇಬೇಕು. ಆದ್ದರಿಂದಲೇ ಸಣ್ಣ ಬಂಡವಾಳದವನಿಗೆ ಈ ಅಳತೆ ಅತ್ಯಗತ್ಯವಾದುದು.

ಒಂದು ಲೆಕ್ಕ

ಸೋಲಾಪುರದ ಒಂದು ಕುಟುಂಬವು ತನ್ನ ಜಾಲತಾಣದಲ್ಲಿ ಚಾದರಗಳನ್ನು ಮಾರುತ್ತಿದೆಯೆಂದೂ ಒಂದು ಚಾದರಕ್ಕೆ ಜಾಹೀರಾತಿನ ಖರ್ಚು ಕಳೆಯುವ ಮುನ್ನ ₹200 ಲಾಭವಿದೆಯೆಂದೂ ಭಾವಿಸೋಣ. ಇಲ್ಲಿನ ಅಂಕಿಗಳೆಲ್ಲ ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು. ಕುಟುಂಬವು ಮೂರು ಪದಗಳಿಗೆ ಒಂದು ತಿಂಗಳು ಜಾಹೀರಾತು ನೀಡಿದೆ.

‘ಚಾದರ’: 400 ಕ್ಲಿಕ್, ತಲಾ ₹4ರಂತೆ ಖರ್ಚು ₹1,600, ಮಾರಾಟ 2.
‘ಸೋಲಾಪುರಿ ಚಾದರ’: 100 ಕ್ಲಿಕ್, ತಲಾ ₹5ರಂತೆ ಖರ್ಚು ₹500, ಮಾರಾಟ 4.
‘ಸೋಲಾಪುರಿ ಚಾದರ ಡಬಲ್ ಬೆಡ್ ಬೆಲೆ’: 40 ಕ್ಲಿಕ್, ತಲಾ ₹6ರಂತೆ ಖರ್ಚು ₹240, ಮಾರಾಟ 4.

ಒಟ್ಟು ಮೊತ್ತವನ್ನಷ್ಟೇ ನೋಡಿದರೆ 540 ಜನ ಬಂದಿದ್ದಾರೆ, ₹2,340 ಖರ್ಚಾಗಿದೆ, 10 ಚಾದರಗಳಿಂದ ₹2,000 ಬಂದಿದೆ. ಜಾಹೀರಾತೇ ನಷ್ಟದ ಬಾಬತ್ತೆಂದು ಕೈಬಿಡುವವರೇ ಹೆಚ್ಚು. ಪದವಾರು ವಿಂಗಡಿಸಿದಾಗ ಬೇರೆಯೇ ಚಿತ್ರ ಕಾಣುತ್ತದೆ. ನೂರು ಕ್ಲಿಕ್ಕಿಗೆ ಮಾರಾಟದ ಪ್ರಮಾಣವು ಮೊದಲನೆಯದರಲ್ಲಿ ಅರ್ಧ, ಎರಡನೆಯದರಲ್ಲಿ 4, ಮೂರನೆಯದರಲ್ಲಿ 10. ಒಂದು ಮಾರಾಟಕ್ಕೆ ತಗಲಿದ ಖರ್ಚು ಕ್ರಮವಾಗಿ ₹800, ₹125, ₹60. ಅತಿ ಹೆಚ್ಚು ಜನರನ್ನು ಕರೆತಂದ ಪದವೇ ಗಂಟು ಕರಗಿಸಿದೆ. ಅದೊಂದನ್ನು ಬಿಟ್ಟಿದ್ದರೆ ₹740 ಖರ್ಚಿಗೆ ₹1,600 ಬಂದು, ₹860 ಉಳಿಯುತ್ತಿತ್ತು. ಕ್ಲಿಕ್ಕಿನ ದರ ಹೆಚ್ಚಾದ ಪದವೇ ಮಾರಾಟದ ಲೆಕ್ಕದಲ್ಲಿ ಅಗ್ಗವಾಯಿತೆಂಬುದನ್ನೂ ಗಮನಿಸಬೇಕು.

ಇದಕ್ಕೆ ಕಾರಣ ಪದಗಳ ಅರ್ಥದಲ್ಲಿಯೇ ಇದೆ. ‘ಚಾದರ’ ಎಂದು ಬರೆದವನಿಗೆ ಚಿತ್ರ ಬೇಕಿರಬಹುದು, ತೊಳೆಯುವ ಬಗೆ ತಿಳಿಯಬೇಕಿರಬಹುದು. ಊರು, ಅಳತೆ, ಬೆಲೆ ಎಂಬ ವಿಶೇಷಣಗಳು ಸೇರಿದಂತೆಲ್ಲ ಕೊಳ್ಳುವ ಇಚ್ಛೆ ಸ್ಪಷ್ಟವಾಗುತ್ತದೆ.

ಪದದ ಗುರುತು ಉಳಿಯುವ ಬಗೆ

ಜಾಹೀರಾತಿನ ಮೇಲೆ ಕ್ಲಿಕ್ ಮಾಡಿದಾಗ ಪುಟದ ವಿಳಾಸದ ಕೊನೆಗೆ ಒಂದು ಸಂಕೇತ ಸೇರಿಕೊಳ್ಳುತ್ತದೆ. ಕುಕಿ ಎಂಬ ಪುಟ್ಟ ದಾಖಲೆಯು ಅದನ್ನು ನೋಡುಗನ ಬ್ರೌಸರಿನಲ್ಲಿ ಕಾಪಿಡುತ್ತದೆ. ಹಣ ಸಂದಾಯವಾಗಿ ‘ಧನ್ಯವಾದ’ದ ಪುಟ ತೆರೆದಾಗ ಆ ಸಂಕೇತವೂ ಮಾರಾಟದ ಮೊತ್ತವೂ ಒಟ್ಟಿಗೆ ದಾಖಲಾಗುತ್ತವೆ. ಹಳೆಯ ಕೂಪನ್ನಿನ ಗುರುತು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ.

ಜಾಹೀರಾತಿಲ್ಲದೆ, ಸಹಜ ಹುಡುಕಾಟದಿಂದ ಬಂದವರ ವಿಷಯದಲ್ಲಿ ಇಷ್ಟು ಸ್ಪಷ್ಟತೆ ಇಲ್ಲ. ಹಿಂದೆ ಹುಡುಕಿದ ಪದವು ಜಾಲತಾಣಕ್ಕೆ ತಾನಾಗಿ ತಲುಪುತ್ತಿತ್ತು. ಹುಡುಕುವವರ ಖಾಸಗಿತನವನ್ನು ಕಾಯುವ ಕಾರಣ ನೀಡಿ ಗೂಗಲ್ 2011ರಿಂದ ಅದನ್ನು ಮರೆಮಾಡಲು ತೊಡಗಿತು. 2013ರ ವೇಳೆಗೆ ಇದು ಬಹುಪಾಲು ಹುಡುಕಾಟಗಳಿಗೆ ಅನ್ವಯವಾಯಿತು. ಈಗ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಪದಗಳೂ ಕ್ಲಿಕ್ಕುಗಳೂ ಕಾಣುತ್ತವೆ, ಮಾರಾಟ ಕಾಣುವುದಿಲ್ಲ. ಯಾವ ಪದವು ಯಾವ ಪುಟಕ್ಕೆ ಜನರನ್ನು ತಂದಿತು, ಆ ಪುಟಕ್ಕೆ ಬಂದವರಲ್ಲಿ ಎಷ್ಟು ಜನ ಕೊಂಡರು ಎಂಬೆರಡನ್ನೂ ಹೋಲಿಸಿ ಅಂದಾಜು ಮಾಡಬೇಕಾಗುತ್ತದೆ.

ಎಚ್ಚರ ವಹಿಸಬೇಕಾದ ಅಂಶಗಳು

ಮೊದಲನೆಯದಾಗಿ, ಬೇಡಿಕೆಯೇ ಮಾರಾಟವಲ್ಲ. ಸರಕು ತಲುಪಿದಾಗ ಹಣ ಕೊಡುವ ವ್ಯವಸ್ಥೆಯಲ್ಲಿ ಅನೇಕ ಪೊಟ್ಟಣಗಳು ಮರಳಿ ಬರುತ್ತವೆ. ಅವನ್ನು ಲೆಕ್ಕದಿಂದ ಕಳೆಯಬೇಕು. ಎರಡನೆಯದಾಗಿ, ಜಾಲತಾಣವನ್ನು ನೋಡಿ ದೂರವಾಣಿಯಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕೊಂಡವರು ಲೆಕ್ಕಕ್ಕೆ ಸಿಗುವುದಿಲ್ಲ. ಅವರನ್ನು ‘ಏನೆಂದು ಹುಡುಕಿದಿರಿ?’ ಎಂದು ಕೇಳಿ ಬರೆದಿಡಬೇಕು. ಮೂರನೆಯದಾಗಿ, ಒಬ್ಬನೇ ಗಿರಾಕಿ ಇಂದು ‘ಚಾದರ’ ಎಂದು ಹುಡುಕಿ, ವಾರದ ಬಳಿಕ ಅಂಗಡಿಯ ಹೆಸರನ್ನೇ ಹುಡುಕಿ ಕೊಳ್ಳಬಹುದು. ಕೊನೆಯ ಪದಕ್ಕೇ ಎಲ್ಲ ಶ್ರೇಯ ಕೊಟ್ಟರೆ ಮೊದಲ ಪದಕ್ಕೆ ಅನ್ಯಾಯವಾಗುತ್ತದೆ. ನಾಲ್ಕನೆಯದಾಗಿ, 40 ಕ್ಲಿಕ್ಕಿನಲ್ಲಿ 4 ಮಾರಾಟವೆಂಬುದು ಆಕಸ್ಮಿಕವೂ ಆಗಿರಬಹುದು. ಇನ್ನೂ ಕೆಲವು ತಿಂಗಳ ಅಂಕಿಗಳು ಕೂಡದೆ ತೀರ್ಮಾನ ಸಲ್ಲದು.

ಮಾರಾಟಗಾರನು ಆರಿಸಿದ ಪದವೂ ಗಿರಾಕಿ ಬರೆದ ಪದವೂ ಒಂದೇ ಆಗಿರಬೇಕಿಲ್ಲ. ಜನರು ನಿಜವಾಗಿ ಬರೆದ ಪದಗಳ ಪಟ್ಟಿಯನ್ನು ಗೂಗಲ್ ಆಡ್ಸ್‌ನಲ್ಲಿ ನೋಡಬಹುದು. ‘ಉಚಿತ’, ‘ಚಿತ್ರ’ ಮುಂತಾದ ನಿರುಪಯುಕ್ತ ಪದಗಳನ್ನು ಹೊರಗಿಡಲೂಬಹುದು.

ತರಗತಿಯಲ್ಲಿ

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಒಂದು ವಸ್ತುವಿಗೆ ಎರಡು ಮೂರು ಭಾಷೆಗಳಲ್ಲಿ ಇರುವ ಹೆಸರುಗಳು ಗೊತ್ತು. ರೋಮನ್ ಲಿಪಿಯಲ್ಲಿ ಅವನ್ನು ಜನ ಹೇಗೆಲ್ಲ ಬರೆಯುತ್ತಾರೆಂಬುದೂ ಗೊತ್ತು. ಈ ಕೆಲಸದಲ್ಲಿ ಅದೇ ಆತನ ಬಂಡವಾಳ. ಶಿಕ್ಷಕರು ಊರಿನ ಒಂದು ಉತ್ಪನ್ನವನ್ನು ಆರಿಸಿ, ಅದನ್ನು ಹುಡುಕಬಹುದಾದ ಹತ್ತು ಪದಗುಚ್ಛಗಳನ್ನು ಮಕ್ಕಳಿಂದ ಬರೆಸಬಹುದು. ‘ತಿಳಿಯಬಯಸುವವರು’, ‘ಹೋಲಿಸುವವರು’, ‘ಕೊಳ್ಳುವವರು’ ಎಂದು ಅವನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಕಾರಣ ಹೇಳಿಸಬೇಕು. ಅನಂತರ ಮೇಲಿನ ಅಂಕಿಗಳನ್ನು ಕೊಟ್ಟು, ಮುಂದಿನ ತಿಂಗಳಿಗೆ ₹1,000 ಮಾತ್ರ ಇದ್ದರೆ ಯಾವ ಪದಕ್ಕೆ ಎಷ್ಟು ವಿನಿಯೋಗಿಸಬೇಕೆಂದು ಗುಂಪುಗಳಲ್ಲಿ ಚರ್ಚಿಸಿ ಬರೆಯಲು ಹೇಳಬೇಕು. ಉತ್ತರಗಳು ಬೇರೆಬೇರೆಯಾಗಬಹುದು, ಲೆಕ್ಕದ ಆಧಾರವಿಲ್ಲದ ಉತ್ತರವನ್ನು ಮಾತ್ರ ಒಪ್ಪಬಾರದು.