ಕಲ್ಲಾದ ಮಜ್ಜಿಗೆ

ದಾಂಡೇಲಿಯ ಬಂಗೂರನಗರದ ಕಾಗದ ಕಾರ್ಖಾನೆಯನ್ನು ಹಿಂದೆ ಬಿಟ್ಟು ಹಳಿಯಾಳದ ದಾರಿ ಹಿಡಿದರೆ, ಬೆಳಗಿನ ಹೊತ್ತು ಎದುರಾಗುವವರು ಗೌಳಿಗರು. ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನು. ಕಾಡಂಚಿನ ಗೌಳಿವಾಡಾಗಳಲ್ಲಿ ಎಮ್ಮೆಯೇ ಆಸ್ತಿ. ಮಾರಿ ಮಿಕ್ಕ ಹಾಲು ಬೆಣ್ಣೆಯಾಗಿ, ತುಪ್ಪವಾಗಿ ಬಾಳುತ್ತದೆ. ಮಜ್ಜಿಗೆ ಮಾತ್ರ ಬೇಗ ಖರ್ಚಾಗಬೇಕು.

ಮಜ್ಜಿಗೆಗೂ ವರ್ಷಗಳ ಆಯುಸ್ಸು ಕೊಡಬಲ್ಲ ಜನ ಇದೇ ಸೀಮೆಯ ಮುಂಡಗೋಡಿನಲ್ಲಿದ್ದಾರೆ. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಟಿಬೆಟ್ಟಿನ ನಿರಾಶ್ರಿತರು ಇಲ್ಲಿ ನೆಲೆಯೂರಿದರು. ಗೋವಿನಜೋಳದ ಹೊಲ ಮುಗಿಯುತ್ತಲೇ ಡ್ರೆಪುಂಗ್, ಗಾಂಡೆನ್ ಮಠಗಳ ಹೊಂಬಣ್ಣದ ಮಾಡು ಹೊಳೆಯುತ್ತದೆ. ಐದು ಬಣ್ಣದ ಪತಾಕೆಗಳು ಗಾಳಿಗೆ ಪಟಪಟಿಸುತ್ತವೆ. ಕೆಂಗಾವಿಯ ಲಾಮಾಗಳು ಓಡಾಡುವ ಕ್ಯಾಂಪಿನ ಅಂಗಡಿಗಳಲ್ಲಿ ಛುರ್ಪಿ ಸಿಗುತ್ತದೆ: ಮಾಸಲು ಬಿಳುಪಿನ, ಸುಣ್ಣಕಲ್ಲಿನಂಥ ತುಂಡುಗಳು.

ಛುರ್ಪಿಗಾಗಿ, ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯನ್ನು ಕಾಯಿಸುತ್ತಾರೆ. ಅದು ಒಡೆದು ಗಟ್ಟಿ ಬೇರೆ, ತಿಳಿನೀರು ಬೇರೆಯಾಗುತ್ತದೆ. ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ಭಾರ ಹೇರಿ ನೀರು ಬಸಿದು, ತುಂಡು ಮಾಡಿ ಒಣಗಿಸುತ್ತಾರೆ. ಹಿಮಾಲಯದ ಒಣಗಾಳಿಗೆ ಒಗ್ಗಿದ ವಿದ್ಯೆ ಇದು. ಅಲ್ಲಿ ಯಾಕ್ ಜಾತಿಯ ದನಗಳ ಹಾಲು, ಇಲ್ಲಿ ಎಮ್ಮೆ-ಹಸುವಿನದು. ಆಷಾಢದ ಜಡಿಮಳೆಯಲ್ಲಿ ಹಪ್ಪಳವೇ ಒಣಗದ ನಾಡಿಗೆ ಇಂಥ ತಿನಿಸು ಬಂದು ನೆಲೆಸಿರುವುದೇ ನನಗೆ ದೊಡ್ಡ ಸಂಗತಿ.

ಹಾಲನ್ನು ಬಾಳಿಸಲು ಒಣಗಿಸುವುದೊಂದೇ ದಾರಿಯಲ್ಲ. ತುರ್ಕಿಯವರು ಅದನ್ನು ಉಳಿಸುವುದು ಉಪ್ಪುನೀರಿನಲ್ಲಿ. ಕುರಿ, ಮೇಕೆ, ಹಸುವಿನ ಹಾಲನ್ನು ಹೆಪ್ಪುಗಟ್ಟಿಸಿ, ಬಸಿದು, ಬಿಳಿ ಗಟ್ಟಿಗಳನ್ನು ಡಬ್ಬಿಯ ಉಪ್ಪುನೀರಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಮಾಗಿಸುತ್ತಾರೆ. ಅದೇ ಬೆಯಾಜ್ ಪೆಯ್ನಿರ್. ಎದಿರ್ನೆ ಊರಿನದು ಹೆಸರುವಾಸಿ. ಆಲಿವ್, ಟೊಮೆಟೊ, ರೊಟ್ಟಿಯ ಜೊತೆ ಅದಿಲ್ಲದೆ ಅಲ್ಲಿ ಬೆಳಗಿನ ತಿಂಡಿಯಿಲ್ಲ. ನಾವು ಮಾವಿನ ಮಿಡಿಯನ್ನು ಕಾಯುವ ಉಪಾಯವೇ ಅಲ್ಲಿ ಹಾಲನ್ನು ಕಾಯುತ್ತದೆ. ಮುಂಗಾರಿನ ನಾಡಿಗೆ ಒಣಗಿಸುವುದಕ್ಕಿಂತ ಈ ದಾರಿಯೇ ಸಲೀಸು ಎಂದು ನನ್ನ ಎಣಿಕೆ. ಎಮ್ಮೆಹಾಲಿಗೂ ಇದು ಒಗ್ಗುತ್ತದೆ. ಗೌಳಿವಾಡಾದ ಹೆಣ್ಣುಮಕ್ಕಳಿಗೆ ಯಾರಾದರೂ ಈ ಕೆಲಸ ಕಲಿಸಿ, ಪೇಟೆಯ ದಾರಿಯನ್ನೂ ತೋರಿಸಬೇಕು.

ಮುಂಡಗೋಡಿಗೆ ಹೋದವರು ಮಠ ನೋಡಿ, ಮೊಮೊ ತಿಂದು ಬಸ್ ಹತ್ತಿಬಿಡಬೇಡಿ. ಒಂದು ತುಂಡು ಛುರ್ಪಿ ಕೊಳ್ಳಿ. ಕಚ್ಚಲು ಹೋಗಬೇಡಿ, ಹಲ್ಲು ಹೋದೀತು, ದವಡೆಯಲ್ಲಿ ಇಟ್ಟುಕೊಳ್ಳಿ. ಅದು ಮೆದುವಾಗಿ ಹಾಲಿನ ರುಚಿ ಬಿಡಲು ಬಹಳ ಹೊತ್ತು ಬೇಕು.