ಅರಿಶಿನ ಬೇಯಿಸುವ ಹಬೆ ಬಾಯ್ಲರಿನಲ್ಲಿ ನೀರಿನ ದೋಷಗಳು

ಜನವರಿಯಿಂದ ಮಾರ್ಚ್‌ವರೆಗೆ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಶಿನ ಅಗೆಯುವ ಕಾಲ. ಅಗೆದ ಗೆಡ್ಡೆಯನ್ನು ಎರಡು ಮೂರು ದಿನಗಳೊಳಗೆ ಬೇಯಿಸಿ ಒಣಗಲು ಹರಡಬೇಕು. ಹಿಂದೆ ಇದಕ್ಕೆ ದೊಡ್ಡ ಕೊಪ್ಪರಿಗೆಯೇ ಗತಿಯಾಗಿತ್ತು; ಒಂದು ಸಲದ ಬೇಯಿಕೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತಿತ್ತು. ಈಗ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಹೊಲಕ್ಕೇ ತರುವ ಹಬೆ ಬಾಯ್ಲರುಗಳು ಬಳಕೆಗೆ ಬಂದಿವೆ. ಇವುಗಳಿಂದ ಸೌದೆ, ನೀರು, ಹೊತ್ತು ಮೂರೂ ಉಳಿಯುತ್ತವೆ. ಆದರೆ ಕೊಪ್ಪರಿಗೆಯಲ್ಲಿ ನೀರು ಇಳಿದರೆ ಕಣ್ಣಿಗೆ ಕಾಣುತ್ತಿತ್ತು. ಬಾಯ್ಲರಿನ ಹೊಟ್ಟೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಹೊರಗಿನ ಗಾಜಿನ ಕೊಳವೆಯೊಂದೇ ಹೇಳಬೇಕು. ಹಬೆ ಸಾಲದೆ ಬಂದಾಗ ಸೌದೆಯನ್ನು ದೂರುವುದು ವಾಡಿಕೆ; ಅನೇಕ ವೇಳೆ ದೋಷವಿರುವುದು ನೀರಿನ ದಾರಿಯಲ್ಲಿ.

ಗಾಜಿನ ಕೊಳವೆ ಸುಳ್ಳು ಹೇಳಬಹುದು

ಬಾಯ್ಲರ್ ಸರಿಯಾಗಿ ನಡೆಯುತ್ತಿರುವಾಗ ಗಾಜಿನ ಕೊಳವೆಯೊಳಗಿನ ನೀರು ಸ್ವಲ್ಪ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಲುಗಾಡದೆ ಒಂದೇ ಕಡೆ ನಿಂತಿದ್ದರೆ ಸಂಶಯಪಡಬೇಕು. ಕೊಳವೆಯನ್ನು ಬಾಯ್ಲರಿಗೆ ಸೇರಿಸುವ ಎರಡು ನಲ್ಲಿಗಳಲ್ಲಿ ಯಾವುದೇ ಒಂದರಲ್ಲಿ ಕಿಟ್ಟ ಕಟ್ಟಿಕೊಂಡರೂ ನೀರು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಒಳಗೆ ನೀರು ತಳ ಕಾಣುತ್ತಿದ್ದರೂ ಗಾಜು ತುಂಬಿರಬಹುದು.

ಆದ್ದರಿಂದ ಪ್ರತಿದಿನ ಬೆಳಿಗ್ಗೆ ಹಬೆ ಏಳತೊಡಗಿದ ಕೂಡಲೇ ಹೀಗೆ ಪರೀಕ್ಷಿಸಬೇಕು. ಮೇಲಿನ ನಲ್ಲಿಯನ್ನು ಮುಚ್ಚಿ, ಗಾಜಿನ ತಳದ ಖಾಲಿ ನಲ್ಲಿಯನ್ನು ತೆರೆದರೆ ನೀರು ರಭಸದಿಂದ ಬರಬೇಕು. ಬಳಿಕ ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದರೆ ಹಬೆ ಬರಬೇಕು. ಕೊನೆಗೆ ಖಾಲಿ ನಲ್ಲಿಯನ್ನು ಮುಚ್ಚಿ ಎರಡನ್ನೂ ತೆರೆದಾಗ ನೀರು ತಡವಿಲ್ಲದೆ ತನ್ನ ಮಟ್ಟಕ್ಕೆ ಏರಬೇಕು. ನಿಧಾನವಾಗಿ ಏರಿದರೂ ದಾರಿ ಕಟ್ಟುತ್ತಿದೆ ಎಂದೇ ತಿಳಿಯಬೇಕು. ಎರಡು ನಿಮಿಷದ ಕೆಲಸವಿದು. ಪರೀಕ್ಷಿಸುವವರು ಗಾಜಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು.

ಗಾಜಿನಲ್ಲಿ ನೀರು ಕಾಣದೆ ಹೋದರೆ

ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ನೀರು ಕಾಣಲಿಲ್ಲವೆಂದು ಗಾಬರಿಯಿಂದ ಪಂಪು ಹೊಡೆಯುವುದು ಸಹಜ, ಆದರೆ ಅದೇ ಪ್ರಾಣಕ್ಕೆ ಎರವಾಗಬಲ್ಲದು. ನೀರಿಲ್ಲದ ಕಡೆ ಬೆಂಕಿ ತಗುಲಿ ಕೆಂಪಾದ ತಗಡಿನ ಮೇಲೆ ತಣ್ಣೀರು ಬಿದ್ದರೆ ಅದು ಒಮ್ಮೆಲೇ ಹಬೆಯಾಗುತ್ತದೆ. ಒಂದು ಲೀಟರು ನೀರು ತೆರೆದ ಗಾಳಿಯಲ್ಲಿ ಹಬೆಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ಕಾದು ಮೆತ್ತಗಾದ ತಗಡು ಆ ಒತ್ತಡವನ್ನು ತಡೆಯಲಾರದು.

ಇಂಥ ವೇಳೆ ನೀರು ಬಿಡಬಾರದು. ಒಲೆಗೆ ಬೂದಿ ಅಥವಾ ಒಣ ಮಣ್ಣನ್ನು ಸುರಿದು ಬೆಂಕಿ ಅಡಗಿಸಬೇಕು. ಬೆಂಕಿಯ ಮೇಲೂ ನೀರು ಎರಚಬಾರದು. ಹಬೆಯ ವಾಲ್ವನ್ನು ಒಮ್ಮೆಲೇ ತೆರೆಯುವುದಾಗಲಿ ಮುಚ್ಚುವುದಾಗಲಿ ಬೇಡ. ಆಳುಗಳನ್ನು ದೂರ ಕಳುಹಿಸಿ, ಬಾಯ್ಲರ್ ತಾನಾಗಿ ಆರುವವರೆಗೆ ಕಾಯಬೇಕು. ತಗಡು ಉಬ್ಬಿದೆಯೇ, ಕೊಳವೆಗಳ ಸಂದಿನಲ್ಲಿ ಜಿನುಗುತ್ತಿದೆಯೇ ಎಂದು ತಿಳಿದವರಿಂದ ನೋಡಿಸಿದ ಮೇಲೆಯೇ ಮತ್ತೆ ಉರಿ ಹಾಕಬೇಕು. ಬಾಡಿಗೆ ಏರುತ್ತದೆ, ಕೂಲಿ ದಂಡವಾಗುತ್ತದೆ ಎಂದು ಅವಸರಪಡುವುದು ಇಲ್ಲೇ. ಅರೆಬೆಂದ ಗೆಡ್ಡೆಯನ್ನು ಹಳೆಯ ಕೊಪ್ಪರಿಗೆಗೆ ಹಾಕಿ, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯುವವರೆಗೆ ಬೇಯಿಸಿಕೊಳ್ಳಬಹುದು.

ಪಂಪು ನೀರು ತಳ್ಳದಿದ್ದರೆ

ತೊಟ್ಟಿಯಿಂದ ಹೊರಟು ಬಾಯ್ಲರಿನ ಕಡೆಗೆ ಒಂದೊಂದಾಗಿ ನೋಡುತ್ತ ಬರುವುದು ಒಳ್ಳೆಯದು. ತೊಟ್ಟಿಯ ಜರಡಿಗೆ ಎಲೆ, ಅರಿಶಿನದ ಸಿಪ್ಪೆ ಅಂಟಿರಬಹುದು. ಹೀರುವ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದ್ದರೆ ಪಂಪಿನ ಹಿಡಿ ಹಗುರವಾಗಿ ಆಡುತ್ತದೆ, ನೀರು ಬಾರದು. ತೊಟ್ಟಿಯ ನೀರು ತೀರ ಬಿಸಿಯಾಗಿದ್ದರೂ ಇದೇ ಗತಿ: ಬಿಸಿನೀರು ಹೀರುವ ಕೊಳವೆಯಲ್ಲೇ ಆವಿಯಾಗಿ ಪಂಪಿಗೆ ಹಿಡಿತ ಸಿಗುವುದಿಲ್ಲ. ಸೌದೆ ಉಳಿಸಲು ನೀರನ್ನು ಕಾಯಿಸಿ ಬಿಡುವವರು ತೊಟ್ಟಿಯನ್ನು ಪಂಪಿಗಿಂತ ಎತ್ತರದಲ್ಲಿ ಇಡಬೇಕು.

ಪಂಪಿನಿಂದ ಬಾಯ್ಲರಿಗೆ ಹೋಗುವ ಕೊಳವೆಯಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವೊಂದಿದೆ. ಪಂಪು ನಿಂತಿರುವಾಗ ವಾಲ್ವಿನಿಂದ ಪಂಪಿನ ಕಡೆಗಿರುವ ಕೊಳವೆ ಕೈ ಇಡಲಾಗದಷ್ಟು ಬಿಸಿಯಾದರೆ, ಅಥವಾ ಹಿಡಿಯನ್ನು ಯಾರೋ ಹಿಂದಕ್ಕೆ ನೂಕಿದಂತಾದರೆ, ಈ ವಾಲ್ವು ಸೋರುತ್ತಿದೆ. ಸಾಮಾನ್ಯವಾಗಿ ಅದರ ಪೀಠದಲ್ಲಿ ಮರಳೋ ಕಿಟ್ಟವೋ ಸಿಕ್ಕಿರುತ್ತದೆ. ಒತ್ತಡ ಪೂರ್ತಿ ಇಳಿದ ಮೇಲೆ ಬಿಚ್ಚಿ ತೊಳೆಯಬೇಕು.

ನೀರು ಅತಿಯಾದರೆ ಹಬೆಯ ಜೊತೆಗೆ ನೀರೂ ಹಾರಿ ಬಂದು ಡ್ರಮ್ಮಿನ ತಳದ ಗೆಡ್ಡೆ ನೆನೆಯುತ್ತದೆ, ಬೇಯುವುದು ತಡವಾಗುತ್ತದೆ. ಗೆಡ್ಡೆ ತೊಳೆದ ಕೆಸರು ನೀರನ್ನು ಬಾಯ್ಲರಿಗೆ ಹಾಕಿದರೂ ಹೀಗೇ ಆಗುತ್ತದೆ.

ಕೊಳವೆ ಬಾವಿಯ ಗಡಸು ನೀರು

ಹಬೆ ಹೊರಗೆ ಹೋಗುತ್ತದೆ, ನೀರಿನಲ್ಲಿದ್ದ ಸುಣ್ಣ ಒಳಗೇ ಉಳಿಯುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ 1,000 ಲೀಟರು ಕಾಯಿಸಿದರೆ ಅರ್ಧ ಕಿಲೋ, 20 ದಿನಗಳಿಗೆ 10 ಕಿಲೋವರೆಗೆ ಸುಣ್ಣ ಸೇರಬಹುದು. ಈ ಕಿಟ್ಟ ಶಾಖವನ್ನು ತಡೆಯುವುದರಿಂದ ಸೌದೆ ಹೆಚ್ಚು ಉರಿಯುತ್ತದೆ, ನೀರಿದ್ದರೂ ತಗಡು ಕಾಯುತ್ತದೆ, ಗಾಜಿನ ಕೊಳವೆಯ ನಲ್ಲಿಗಳೂ ಕಟ್ಟುತ್ತವೆ. ಕೆರೆಯ ತಿಳಿನೀರೋ ಸಂಗ್ರಹಿಸಿದ ಮಳೆನೀರೋ ಸಿಕ್ಕರೆ ಅದನ್ನೇ ಬಳಸಬೇಕು. ಇಲ್ಲವಾದರೆ ಪ್ರತಿದಿನ ಬೆಳಿಗ್ಗೆ ಒತ್ತಡ ಕಡಿಮೆಯಿರುವಾಗ, ಗಾಜನ್ನು ನೋಡುತ್ತ, ತಳದ ವಾಲ್ವನ್ನು ಕೆಲವು ಕ್ಷಣ ತೆರೆದು ರಾಡಿಯನ್ನು ಹೊರಬಿಡಬೇಕು.

2025ರ ಮೇ 1ರಿಂದ ಜಾರಿಯಲ್ಲಿರುವ ಬಾಯ್ಲರು ಕಾಯ್ದೆಯು 1923ರ ಕಾಯ್ದೆಯ ಜಾಗಕ್ಕೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಅಥವಾ ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಕಡಿಮೆ ಒತ್ತಡದ ಪಾತ್ರೆಗಳು ಇದರ ಹೊರಗೆ. ಬಾಡಿಗೆಗೆ ಗೊತ್ತುಮಾಡುವಾಗ ನೋಂದಣಿ ಹಾಗೂ ತಪಾಸಣೆಯ ಪತ್ರವನ್ನು ಕೇಳಿ ನೋಡಬೇಕು. ಸೇಫ್ಟಿ ವಾಲ್ವಿಗೆ ಕಲ್ಲೋ ತಂತಿಯೋ ಕಟ್ಟಿದ ಯಂತ್ರವನ್ನು ಹೊಲಕ್ಕೆ ಬಿಟ್ಟುಕೊಳ್ಳಬಾರದು. ಹಂಗಾಮು ಮುಗಿದ ದಿನ ಒತ್ತಡ ಇಳಿದು ಬಾಯ್ಲರ್ ಉಗುರುಬೆಚ್ಚಗಿರುವಾಗಲೇ ನೀರೆಲ್ಲ ಬಸಿದು, ಒಳಗಡೆ ತೊಳೆದು, ಮುಚ್ಚಳ ತೆರೆದಿಟ್ಟು ಒಣಗಿಸಬೇಕು.