ಲಕಾರ ಳಕಾರವಾದರೆ

ತುಮಕೂರು ಜಿಲ್ಲೆಯ ಬಡವನಹಳ್ಳಿಯ ಕಡೆ ಯಾವ ಮನೆಯಂಗಳಕ್ಕೆ ಹೋದರೂ ಒಂದು ನೀರಿನ ತೊಟ್ಟಿ, ಪಕ್ಕದಲ್ಲೊಂದು ಡ್ರಮ್ಮು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲವೂ ನೀರು ಕೂಡಿಟ್ಟೇ ಬದುಕುವ ಸೀಮೆ. ಆ ತೊಟ್ಟಿಯ ಗೋಡೆಗೆ ಈಡಿಸ್ ಸೊಳ್ಳೆ ಮೊಟ್ಟೆಯಿಟ್ಟರೆ ಮುಗಿಯಿತು. ತೊಟ್ಟಿ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯದು. ನೀರು ತಾಗಿತೋ, ಮರಿ!

2006ರಲ್ಲಿ ತುಮಕೂರು ಜಿಲ್ಲೆಯೂ ಸೇರಿ ಬಯಲುಸೀಮೆಗೆ ಈ ಸೊಳ್ಳೆ ಹರಡುವ ಚಿಕುನ್‌ಗುನ್ಯಾ ಬಂತು. ಕೂತವರು ಏಳಲಾರರು, ಎದ್ದವರು ಕೂರಲಾರರು. ಆ ವರ್ಷ ಕರ್ನಾಟಕವೊಂದರಲ್ಲೇ ಶಂಕಿತ ಪ್ರಕರಣಗಳು 7.5 ಲಕ್ಷ ದಾಟಿದವು. ರೋಗದ ಹೆಸರು ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯದು. ‘ಬಾಗಿಸುವಂಥದ್ದು’ ಎಂದರ್ಥ. ಎಲ್ಲಿಯ ಮಾತು, ಎಲ್ಲಿಯ ಬೆನ್ನು!

ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯವರು ರೋಗಿಗಳ ರಕ್ತದಿಂದ ವೈರಾಣುವನ್ನು ಬೇರ್ಪಡಿಸಿ, ಅದರ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ, ಆ ನಕಲನ್ನು ಹೆಚ್ಚಿಸಿ, ಅಕ್ಷರ ಅಕ್ಷರವಾಗಿ ಓದಿದರು. ಮನುಷ್ಯನ ಜೀನೋಮಿನಲ್ಲಿ 300 ಕೋಟಿ ಅಕ್ಷರಗಳಿದ್ದರೆ ಇದರಲ್ಲಿ ಸುಮಾರು 11,800, ಅಷ್ಟೇ! ವರ್ಣಮಾಲೆಯಲ್ಲಿರುವುದು ನಾಲ್ಕೇ: ಎ, ಯು, ಜಿ, ಸಿ. ಊರಿಗೆ ಊರನ್ನೇ ಮಲಗಿಸಿದ ಗ್ರಂಥ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ!

ಓದಿದಂತೆ ಮತ್ತೊಂದು ಬೆರಗು. 1963ರಲ್ಲಿ ಕೋಲ್ಕತ್ತವನ್ನು ಕಾಡಿದ ವೈರಾಣು ಏಷ್ಯಾ ಮನೆತನದ್ದು. ಹಳೆಯ ನೆಂಟನೇ ಮರಳಿದ ಎಂದುಕೊಂಡರೆ, ಈ ಸಲ ಬಂದದ್ದು ಆಫ್ರಿಕಾ ಮನೆತನದ್ದು! ಹೊಸಬನ ಗುರುತು ಹೇಳಿದ್ದು ಅವನ ಅಕ್ಷರಗಳೇ.

ಕಥೆ ಇಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಕರಾವಳಿ ಕರ್ನಾಟಕದ ರೋಗಿಗಳಲ್ಲಿ ಸಿಕ್ಕ ವೈರಾಣುವಿನ ಹೊರಕವಚದ ಇ1 ಪ್ರೋಟೀನಿನಲ್ಲಿ, 226ನೆಯ ಸ್ಥಾನದಲ್ಲಿ, ಅಲನೈನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲೈನ್ ಕೂತಿತ್ತು. ಕಾರಣ? ‘ಸಿ’ ಇದ್ದಲ್ಲಿ ‘ಯು’. ಒಂದೇ ಅಕ್ಷರ! ಬಯಲುಸೀಮೆಯಲ್ಲಿ ತೊಟ್ಟಿಯ ಸೊಳ್ಳೆ ಈಡಿಸ್ ಈಜಿಪ್ಟೈಯನ್ನು ನೆಚ್ಚಿಕೊಂಡಿದ್ದ ವೈರಾಣುವಿಗೆ, ಈ ತಿದ್ದುಪಡಿಯಿಂದ ತೋಟದ ಸೊಳ್ಳೆ ಈಡಿಸ್ ಅಲ್ಬೋಪಿಕ್ಟಸ್‌ನ ಮೈಯಲ್ಲೂ ಸಲೀಸಾಗಿ ಬೆಳೆಯಲು ಬಂತು. ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಕರಟಗಳಲ್ಲಿ ಮಳೆನೀರು ನಿಂತರೆ ಆ ಸೊಳ್ಳೆಗೆ ಅದೇ ತೊಟ್ಟಿಲು. ಲಕಾರ ಳಕಾರವಾದರೆ ಹಾಲು ಹಾಳಾಗುತ್ತದಲ್ಲ, ಥೇಟು ಹಾಗೆ!

ಆದರೆ ವೈರಾಣುವಿನ ಈ ಬರಹಕ್ಕೆ ತಾನಾಗಿ ಹಾರಲು ಬಾರದು. ಮನೆಯಿಂದ ಮನೆಗೆ ಹೊತ್ತೊಯ್ಯಲು ಅಂಚೆಯವನೊಬ್ಬ ಬೇಕು. ಬಡವನಹಳ್ಳಿಯ ಅಂಗಳದಲ್ಲಿ ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ, ತೆಂಗಿನ ನಾರಿನಿಂದ ಗೋಡೆ ತಿಕ್ಕುವ ಕೈ ಇದೆಯಲ್ಲ, ಅದು ಆ ಅಂಚೆಯವನನ್ನು ಮೊಟ್ಟೆಯಲ್ಲೇ ಒರೆಸಿಹಾಕುತ್ತದೆ.